ಕ್ಯಾಮೆರಾ ಬೆಲ್ಟಿನ ಸವ್ಯಾಪಸವ್ಯ ವಿಚಾರ

ಕ್ಯಾಮೆರಾದ ಲೆನ್ಸು, ಸೆನ್ಸರು, ಮೆಗಾಪಿಕ್ಸೆಲ್‌ಗಳ ಮೇಲೆ ಲೋಕದಲ್ಲಿ ಗ್ರಂಥರಾಶಿಯೇ ಬೆಳೆದಿದೆ. ಅವೆಲ್ಲವನ್ನೂ ನೆಲಕ್ಕೆ ಬೀಳದಂತೆ ಹಿಡಿದಿರುವ ಬೆಲ್ಟಿನ ವಿಷಯದಲ್ಲಿ ಮಾತ್ರ ಪಂಡಿತರು ದಿವ್ಯಮೌನ ತಾಳಿದ್ದಾರೆ. ಈ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಮೊದಲಿಗೆ ಪರಿಭಾಷೆ. ಇಂಗ್ಲಿಷ್ ಬಲ್ಲವರು ಸ್ಟ್ರಾಪ್ ಎನ್ನುತ್ತಾರೆ. ಪಟ್ಟಿ ಎನ್ನೋಣವೆಂದರೆ, ‘ಹೊಸ ಪಟ್ಟಿ ಬೇಕು’ ಎಂದಾಗ ಮನೆಯವರು ಪೆನ್ನು ಕೊಟ್ಟು ‘ಬೇಳೆ ಎರಡು ಕೆ.ಜಿ. ಬರೀರಿ’ ಎಂದ ನಿದರ್ಶನ ಈ ಸಂಶೋಧಕನ ಬಳಿ ಇದೆ. ಅಂಗಡಿಯವರೂ ಮದುವೆ ಫೋಟೋಗ್ರಾಫರುಗಳೂ ಬೆಲ್ಟು ಎಂದೇ ಅನ್ನುವುದರಿಂದ, ವ್ಯುತ್ಪತ್ತಿಗಿಂತ ರೂಢಿ ಬಲವಾದದ್ದೆಂಬ ಶಾಸ್ತ್ರನ್ಯಾಯಕ್ಕೆ ತಲೆಬಾಗಿ ಇಲ್ಲಿಯೂ ಬೆಲ್ಟು ಎಂದೇ ಬರೆಯಲಾಗಿದೆ.

ಹೊಸ ಕ್ಯಾಮೆರಾದ ಡಬ್ಬಿಯಲ್ಲಿ ಬರುವ ಮೂಲ ಬೆಲ್ಟನ್ನು ಶಾಸನವೆಂದು ಪರಿಗಣಿಸತಕ್ಕದ್ದು. ಕಪ್ಪಿನ ಮೇಲೆ ಹಳದಿ ಅಕ್ಷರ ಕಂಡರೆ ಅದು ನಿಕಾನ್ ವಂಶದ್ದು. ಕೆಂಪು ಸೇರಿದ್ದರೆ ಕ್ಯಾನನ್ ಅರಸರದ್ದು. ದಾನಶಾಸನದಲ್ಲಿ ಕೊಟ್ಟವನ ಹೆಸರಿರುವುದು ವಾಡಿಕೆ. ಇಲ್ಲಿ ದುಡ್ಡು ಕೊಟ್ಟವನ ಹೆಸರಿಲ್ಲ, ಇಸಿದುಕೊಂಡವನದ್ದಿದೆ. ಬಸ್ ನಿಲ್ದಾಣದ ಜಂಗುಳಿಯಲ್ಲಿ ಇದನ್ನು ದೂರದಿಂದಲೇ ಓದಬಲ್ಲ ಲಿಪಿತಜ್ಞರು ಬಹಳ. ಅವರೆಲ್ಲ ಛಾಯಾಗ್ರಹಣದ ಆಸಕ್ತರೇ ಎನ್ನಲಾಗದು. ಬೆಲ್ಟು ಬದಲಿಸಲು ಇದೊಂದೇ ಕಾರಣ ಸಾಕು. ಆದರೆ ಬಿಸಾಡುವ ಮುನ್ನ ಒಂದು ಮಾತು. ಕ್ಯಾನನ್‌ನ ಹಲವು ಡಿಎಸ್‌ಎಲ್‌ಆರ್ ಬೆಲ್ಟುಗಳಲ್ಲಿ ಪುಟ್ಟ ರಬ್ಬರ್ ಬಿಲ್ಲೆಯೊಂದು ಸೇರಿಕೊಂಡಿರುತ್ತದೆ. ಬಹುಪಾಲು ಮಾಲೀಕರು ಇದನ್ನು ಪ್ರಕ್ಷಿಪ್ತವೆಂದು ಬಗೆದಿದ್ದಾರೆ. ಟ್ರೈಪಾಡಿನ ಮೇಲಿಟ್ಟು, ಕಣ್ಣಿಡದೆ ಫೋಟೋ ತೆಗೆಯುವಾಗ ವ್ಯೂಫೈಂಡರಿನ ಹಿಂದಿನಿಂದ ಬೆಳಕು ನುಗ್ಗಿ ಲೆಕ್ಕ ಕೆಡಿಸದಿರಲಿ ಎಂದು ಕೊಟ್ಟ ಮುಚ್ಚಳವದು. ತೆಗೆದಿಟ್ಟುಕೊಳ್ಳಿ.

ಇನ್ನು ಧಾರಣಾಕ್ರಮ. ಜನಿವಾರಕ್ಕೆ ಮೂರು ಸ್ಥಿತಿ: ಕೊರಳಲ್ಲಿ ಮಾಲೆಯಂತೆ ಇಳಿಬಿಟ್ಟರೆ ನಿವೀತಿ, ಎಡಹೆಗಲಿನಿಂದ ಬಲಪಕ್ಕೆಗೆ ಬಂದರೆ ಸವ್ಯ, ಬಲಹೆಗಲಿನಿಂದ ಎಡಕ್ಕೆ ಇಳಿದರೆ ಅಪಸವ್ಯ. ಕ್ಯಾಮೆರಾ ಬೆಲ್ಟಿಗೂ ಇದಕ್ಕಿಂತ ಹೆಚ್ಚಿನ ಗತಿಯಿಲ್ಲ. ನಿವೀತಿಯು ಪ್ರವಾಸಿಗಳ ಸಂಪ್ರದಾಯ. ಹಂಪಿಯಲ್ಲಿ ವಿರೂಪಾಕ್ಷನಿಂದ ವಿಠ್ಠಲನವರೆಗೆ ಹೊಳೆ ದಂಡೆ ಹಿಡಿದು ನಿವೀತಿಯಲ್ಲಿ ನಡೆದವನಿಗೆ ಕೊನೆಗೆ ನೆನಪುಳಿಯುವುದು ಕಲ್ಲಿನ ರಥವಲ್ಲ, ಸ್ವಂತ ಕತ್ತು. ಸವ್ಯದಲ್ಲಿ ಭಾರ ಹೆಗಲಿಗೆ, ಕ್ಯಾಮೆರಾ ಬಲಸೊಂಟಕ್ಕೆ. ಕೈ ಇಳಿಬಿಟ್ಟರೆ ಹಿಡಿ ತಾನಾಗಿಯೇ ಅಂಗೈಗೆ ಬರುತ್ತದೆ. ಶಟರ್ ಗುಂಡಿ ಬಲಗೈಗೇ ಇರುವಾಗ ಅಪಸವ್ಯವಾಗಿ ಹಾಕಿಕೊಂಡವನು ಹೊಟ್ಟೆ ಬಳಸಿ ಕೈ ಚಾಚುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ನಮ್ಮ ಪತ್ರಿಕೆಗಳು ಅಪಸವ್ಯ ಎಂಬ ಮಾತನ್ನು ಎಡವಟ್ಟು ಎಂಬರ್ಥದಲ್ಲಿ ಬಳಸುವುದು ಸುಮ್ಮನೆ ಅಲ್ಲ. ಕೊರಳಿಗೆಂದು ಮಾಡಿದ ಬೆಲ್ಟನ್ನು ಅಡ್ಡಲಾಗಿ ಹಾಕಿದರೆ ಕ್ಯಾಮೆರಾ ಕಂಕುಳಿಗೆ ಬಂದು ಕೂರುತ್ತದೆ. ಕೊಳ್ಳುವಾಗ ಉದ್ದ ನೋಡಬೇಕು. ಮಣಿಕಟ್ಟಿಗೆ ಕಟ್ಟುವುದನ್ನು ಕಂಕಣವೆಂದು ಪ್ರತ್ಯೇಕ ವರ್ಗೀಕರಿಸಿ ಮುಂದೆ ಹೋಗೋಣ. ಮದುವೆ ಮನೆಯಲ್ಲಿ ಎರಡು ಕ್ಯಾಮೆರಾ ತೂಗಿಸಿಕೊಳ್ಳುವ ಚರ್ಮದ ಜೋಡಿ ಬೆಲ್ಟು ನೊಗವೇ ಸರಿ. ಅದರ ವಿಚಾರ ಎತ್ತುಗಳಿಗೆ ಬಿಟ್ಟದ್ದು.

ಸುಖದ ಪ್ರಶ್ನೆಗೆ ಬಂದರೆ ಪೂರ್ವಪಕ್ಷದವರು ಮೆತ್ತೆ ಎನ್ನುತ್ತಾರೆ. 1930ರಲ್ಲಿ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ನಿಯೋಪ್ರೀನ್ ಎಂಬ ಕೃತಕ ರಬ್ಬರು ಇವರ ಇಷ್ಟದೈವ. ಹೆಗಲಿಗೆ ಹಿತವೇನೋ ನಿಜ. ಆದರೆ ಅದು ಹಿಗ್ಗುವ ವಸ್ತು. ನಿಕಾನ್ ಡಿ850 ಬ್ಯಾಟರಿ, ಕಾರ್ಡು ಸೇರಿ ಸುಮಾರು 1,005 ಗ್ರಾಂ. ಹಕ್ಕಿಪ್ರಿಯರ 200-500 ಲೆನ್ಸು 2,300 ಗ್ರಾಂ. ಈ ಮೂರೂಕಾಲು ಕೆ.ಜಿ.ಗೂ ಮಿಕ್ಕಿದ ಸಂಸಾರ ಪ್ರತಿ ಹೆಜ್ಜೆಗೂ ಸೊಂಟದ ಬಳಿ ಕುಣಿಯುವುದನ್ನು ಸುಖವೆನ್ನಲು ವಿಶೇಷ ವೈರಾಗ್ಯ ಬೇಕು. ಸಿದ್ಧಾಂತವಿಷ್ಟೇ: ಮೆತ್ತೆಗಿಂತ ಅಗಲ ಮುಖ್ಯ. ಒಂದು ಸೆಂಟಿಮೀಟರಿನ ಹುರಿಯ ಬದಲು ನಾಲ್ಕು ಸೆಂಟಿಮೀಟರಿನ ನೈಲಾನ್ ಬೆಲ್ಟು ಹಾಕಿದರೆ ಅದೇ ಭಾರ ನಾಲ್ಕು ಪಾಲು ಜಾಗಕ್ಕೆ ಹಂಚಿಹೋಗುತ್ತದೆ. ಚರ್ಮದ್ದು ನೋಡಲು ಚೆಂದ. ಮಲೆನಾಡಿನ ಮಳೆಗಾಲದಲ್ಲಿ ಎರಡು ವಾರ ಬೀರುವಿನಲ್ಲಿಟ್ಟು ತೆಗೆದರೆ ಮೇಲೆ ಬೂಷ್ಟಿನ ಬೆಳೆ ಬಂದಿರುತ್ತದೆ.

ಅಷ್ಟು ದೊಡ್ಡ ಲೆನ್ಸಿದ್ದಾಗ ಬೆಲ್ಟನ್ನು ಕ್ಯಾಮೆರಾಕ್ಕೆ ಕಟ್ಟಿದರೆ ಲೆನ್ಸಿನ ಇಡೀ ಭಾರ ಅದು ಕೂಡುವ ಮೌಂಟಿನ ಮೇಲೆ ಬೀಳುತ್ತದೆ. ಟ್ರೈಪಾಡಿಗೆ ಕೂಡಿಸಲೆಂದು ಲೆನ್ಸಿಗಿರುವ ಕಾಲಿಗೇ ಕಟ್ಟಬೇಕು. ಆ ಕಾಲಿನಲ್ಲೋ ಕ್ಯಾಮೆರಾದ ತಳದಲ್ಲೋ ಇರುವ ಕಾಲಂಗುಲದ ತೂತಿಗೆ ತಿರುಪು ಹಾಕಿ ತೂಗುಬಿಡುವ ಬೆಲ್ಟುಗಳೂ ಉಂಟು. ನಡೆಯುವಾಗ ತೂಗಾಡುವ ಕ್ಯಾಮೆರಾ ಆ ತಿರುಪನ್ನು ನಿಧಾನವಾಗಿ, ಯಾರಿಗೂ ಹೇಳದೆ ಸಡಿಲಿಸುತ್ತದೆ. ಆಗಾಗ ಬೆರಳಿಟ್ಟು ಬಿಗಿ ನೋಡುವುದು ಇಂಥ ಬೆಲ್ಟು ಧರಿಸಿದವರ ನಿತ್ಯಕರ್ಮ.

ಭದ್ರತೆಯ ವಿಷಯದಲ್ಲಿ ಪ್ರಸ್ತುತ ಸಂಶೋಧಕನದು ಪ್ರತ್ಯಕ್ಷ ಪ್ರಮಾಣ. ‘ಒರಿಜಿನಲ್ ತರಾನೇ ಇದೆ ಸಾರ್’ ಎಂದು ಅಂಗಡಿಯ ಹುಡುಗ ಕೊಟ್ಟ ಬೆಲ್ಟನ್ನು ಸ್ವಹಸ್ತದಿಂದ ಪೋಣಿಸಿಕೊಂಡು ಬಂಧುಗಳ ಮದುವೆಗೆ ಹೋಗಲಾಗಿತ್ತು. ಧಾರೆಯ ಹೊತ್ತಿಗೆ ಸರಿಯಾಗಿ ಬಕಲ್‌ನಿಂದ ಬಾಲ ಸರ್ರನೆ ಜಾರಿ ಕ್ಯಾಮೆರಾ ತಾಂಬೂಲದ ಚೀಲಗಳ ರಾಶಿಯ ಮೇಲೆ ಬಿತ್ತು. ಲೆನ್ಸಿನ ಮುಂದಿನ ಫಿಲ್ಟರು ಚೂರಾಯಿತು. ತೆಂಗಿನಕಾಯಿಗೆ ಏನೂ ಆಗಲಿಲ್ಲ. ಮದುವೆಯ ಅಧಿಕೃತ ಫೋಟೋಗ್ರಾಫರು, ತಲೆ ನೆರೆತ ಹಿರಿಯರು, ಬೆಲ್ಟನ್ನು ಕೈಗೆತ್ತಿಕೊಂಡು ಭಾಷ್ಯ ಬರೆದರು: ‘ಬೆಲ್ಟು ಚೆನ್ನಾಗೇ ಇದೆ ಸಾರ್. ಪೋಣಿಸಿರೋದು ತಪ್ಪು.’

ಊಟಕ್ಕೆ ಎಲೆ ಹಾಕುವವರೆಗೆ ಕೂತು ಅವರು ಕಲಿಸಿದ ಕ್ರಮ ಹೀಗಿದೆ. ಬೆಲ್ಟಿನ ತುದಿಯನ್ನು ಮೊದಲು ಕ್ಯಾಮೆರಾದ ಕಿವಿಯೊಳಗೆ ತೂರಿಸಿ ಹಿಂದಕ್ಕೆ ಮಡಚಬೇಕು. ಆಮೇಲೆ ಪ್ಲಾಸ್ಟಿಕ್ಕಿನ ಸಣ್ಣ ಬಳೆಯೊಳಗಿಂದ ದಾಟಿಸಬೇಕು. ಕೊನೆಗೆ ಬಕಲ್‌ನ ನಡುಗಂಬಿ ಬಳಸಿ, ಬಾಲವನ್ನು ಹೊರಗೆ ನೇತಾಡಬಿಡದೆ ಬೆಲ್ಟಿನ ಒಳಮಗ್ಗುಲಿಗೆ, ಅದರದೇ ಅಡಿಯಲ್ಲಿ ಸಿಗಿಸಬೇಕು. ಆಗ ಭಾರ ಜಗ್ಗಿದಷ್ಟೂ ಬಾಲ ಎರಡು ಪದರದ ನಡುವೆ ಕಚ್ಚಿಕೊಳ್ಳುತ್ತದೆ. ಬಾಲ ಕನಿಷ್ಠ ಮೂರು ಬೆರಳಷ್ಟಾದರೂ ಉಳಿಯಬೇಕು. ಈ ಸಂಶೋಧಕ ಉಳಿಸಿದ್ದು ಉಗುರಿನಷ್ಟು. ಕೀಲಿಕೈ ಉಂಗುರದಂಥ ಉಂಗುರಗಳಿದ್ದರೆ ಅವು ಬಾಯಿ ಬಿಟ್ಟಿವೆಯೇ, ಕಿವಿ ಸವೆದು ಗೀರು ಬಿದ್ದಿದೆಯೇ ಎಂದು ನೋಡಬೇಕು. ಹುರಿಯ ಕೊಂಡಿಗಳಾದರೆ ಸಿಪ್ಪೆ ಸುಲಿದು ಒಳನೂಲು ಇಣುಕಿದ ದಿನವೇ ಬದಲಿಸಬೇಕು. ಹೆಗಲ ಮೇಲಿನ ಮೆತ್ತೆಯನ್ನು ಅಂಗಡಿಯಲ್ಲಿ ಹತ್ತು ಸಲ ಹಿಚುಕಿ ನೋಡುವ ನಾವು, ಎಲ್ಲವೂ ನೇತಾಡುವ ಈ ಎರಡು ತುದಿಗಳನ್ನು ತಿರುಗಿಯೂ ನೋಡುವುದಿಲ್ಲ.

ಇಲ್ಲಿಯವರೆಗೆ ಓದಿದ ಸಹೃದಯರು ಈಗಲೇ ಎದ್ದು, ಕ್ಯಾಮೆರಾ ತೆಗೆದು, ಎರಡೂ ಕಡೆಯ ಬಕಲ್‌ಗಳನ್ನು ಒಮ್ಮೆ ಬಲವಾಗಿ ಜಗ್ಗಿ ನೋಡಬೇಕೆಂದು ಪ್ರಾರ್ಥನೆ. ಹಾಸಿಗೆಯ ಮೇಲೆ ಹಿಡಿದು ಜಗ್ಗಿ.