ಬಳೆಗಾರರ ಗುಂಡಿನೊಡನೆ ಸಂಭಾಷಣೆ

ಗ್ರಾಮಾಡಳಿತದಲ್ಲಿ ತರುಣರಿಗಿರುವ ಔದಾಸೀನ್ಯವನ್ನು ಮೊಬೈಲು, ಆ್ಯಪು, ವಾಟ್ಸಾಪು ಮೊದಲಾದ ನೂತನ ಸಾಧನಗಳಿಂದ ನಿವಾರಿಸುವ ಉಪಾಯವೇನೆಂಬುದನ್ನು ಅನುಭವಸ್ಥರೊಬ್ಬರಿಂದ ಕೇಳಿ ತಿಳಿದು ಬರಬೇಕೆಂದು ಸಂಪಾದಕರ ಅಪ್ಪಣೆಯಾಯಿತು. ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿಗಳನ್ನು ಕೇಳೋಣವೆಂದರೆ ಅವರು ಸದಾ ಮೀಟಿಂಗಿನಲ್ಲಿರುತ್ತಾರೆ. ಮೀಟಿಂಗು ಮುಗಿದ ಹೊತ್ತಿಗೆ ಸರ್ವರ್ ಡೌನ್ ಆಗಿರುತ್ತದೆ. ತರುಣರನ್ನೇ ಕೇಳೋಣವೆಂದರೆ ಮೊಳಕಾಲ್ಮುರು, ಚಳ್ಳಕೆರೆ ಸೀಮೆಯ ತರುಣರಲ್ಲಿ ಬಹುಮಂದಿ, ಶೇಂಗಾ ಬಿತ್ತಿ ಮಳೆಯ ದಾರಿ ಕಾಯುವ ಕೆಲಸವನ್ನು ಹೆತ್ತವರಿಗೆ ವಹಿಸಿ, ಬೆಂಗಳೂರಿನ ಬಸ್ಸು ಹತ್ತಿಯಾಗಿದೆ. ಹೀಗೆ ಯೋಚಿಸುತ್ತಿರಲಾಗಿ, ದೊರೆಯ ಮಾತನ್ನು ಜನಸಾಮಾನ್ಯರಿಗೆ ಮುಟ್ಟಿಸುವ ಉದ್ಯೋಗದಲ್ಲಿ ಈ ಪ್ರಾಂತದಲ್ಲೆಲ್ಲ ಅತ್ಯಂತ ದೀರ್ಘವಾದ ಸೇವಾವಧಿಯುಳ್ಳವರು, ಇನ್ನೂ ನಿವೃತ್ತಿಯನ್ನು ಪಡೆಯದವರು, ಎಂದೂ ರಜೆಯ ಮೇಲೆ ಹೋಗದವರು ಒಬ್ಬರಿದ್ದಾರೆಂಬುದು ನೆನಪಿಗೆ ಬಂದಿತು. ಅವರೇ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ದೇವಾಲಯದ ಮೆಟ್ಟಿಲಿಗೆ ಎದುರಾಗಿ ಪವಡಿಸಿರುವ ಬಂಡೆ. ಕ್ರಿ. ಪೂ. 3ನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಇವರ ಮೇಲೆ ಕೆತ್ತಲಾಯಿತು. ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳೊಡನೆ ಇದನ್ನೂ 1892ರಲ್ಲಿ ಬಿ. ಎಲ್. ರೈಸರು ಲೋಕದ ಗಮನಕ್ಕೆ ತಂದರು. ಊರವರಿಗೆ ಚಕ್ರವರ್ತಿಯ ಗೊಡವೆ ಇರಲಿಲ್ಲ. ಜಾತ್ರೆಯಲ್ಲಿ ಬಳೆಗಾರರು ಇವರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಬಳೆಗಾರರ ಗುಂಡು ಎಂದು ಕರೆದರು. ಜಟಾಯು ರಾವಣನೊಡನೆ ಹೋರಾಡಿ ಬಿದ್ದ ಸ್ಥಳ ಇದೆಂಬ ಪ್ರತೀತಿ ಬೇರೆ ಇರುವುದರಿಂದ, ಸುದ್ದಿಯನ್ನು ತಡವಾಗಿ ಮುಟ್ಟಿಸುವ ಪರಂಪರೆಗೂ ಈ ಬೆಟ್ಟಕ್ಕೂ ಪ್ರಾಚೀನವಾದ ಸಂಬಂಧವಿದೆಯೆನ್ನಬಹುದು.

ಬಿಸಿಲು ಏರುವ ಮುಂಚೆ ಬೆಟ್ಟ ಹತ್ತಿ, ಪಾದರಕ್ಷೆಯನ್ನು ದೂರದಲ್ಲಿ ಬಿಟ್ಟು, ಅಕ್ಷರವಿಲ್ಲದ ಕಡೆ ನೋಡಿ ಕುಳಿತು ಮಾತಿಗಾರಂಭಿಸಿದೆ.

ನಾನು: ನಮಸ್ಕಾರ, ಅಜ್ಜಾ. ತಾವು ಸರ್ಕಾರದ ಸೇವೆಗೆ ಸೇರಿದ ವೃತ್ತಾಂತವನ್ನು ದಯಮಾಡಿ ಹೇಳಬೇಕು.

ಗುಂಡು: ಸೇರಿದೆನೆನ್ನಬೇಡಪ್ಪ, ಸೇರಿಸಿಕೊಂಡರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅವನ ಮಹಾಮಾತ್ರರೂ ಇಲ್ಲಿಯ ಇಸಿಲದ ಮಹಾಮಾತ್ರರಿಗೆ ಒಂದು ಓಲೆ ಕಳುಹಿದರು. ಮೊದಲು ‘ನಿಮ್ಮ ಆರೋಗ್ಯ ಹೇಗಿದೆ’ ಎಂಬ ಉಪಚಾರ, ತರುವಾಯ ದೇವಾನಾಂಪ್ರಿಯನ, ಎಂದರೆ ಅಶೋಕನ, ಅಪ್ಪಣೆ. ಅಪ್ಪಣೆಯನ್ನಷ್ಟೆ ಜನಕ್ಕೆ ತಿಳಿಸಬೇಕಾಗಿತ್ತು. ಇಲ್ಲಿಯವರು ಕಚೇರಿಯಿಂದ ಕಚೇರಿಗೆ ಬಂದ ಆ ಉಪಚಾರದ ಮಾತನ್ನೂ ಬಿಡದೆ, ತಲೆಯಿಂದ ಬಾಲದವರೆಗೆ ಇದ್ದುದನ್ನು ಇದ್ದಂತೆಯೇ ಕಲ್ಲಿಗೆ ಇಳಿಸಿಬಿಟ್ಟರು. ನನ್ನ ಮೇಲೆ ಕುಳಿತು ಮೊಬೈಲು ನೋಡುವ ಹುಡುಗರು ಇದನ್ನೇ ಫಾರ್ವರ್ಡ್ ಎನ್ನುತ್ತಾರೆ.

ನಾನು: ಈಗಲೂ ಜಿಲ್ಲೆಯಿಂದ ಬಂದ ಸುತ್ತೋಲೆಯನ್ನು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬಲ್ಲಿಂದ ಹಿಡಿದು ‘ತಮ್ಮ ವಿಶ್ವಾಸಿ’ ಎಂಬಲ್ಲಿಯವರೆಗೆ ಫೋಟೋ ಹಿಡಿದು ಊರಿನ ಗ್ರೂಪಿಗೆ ಹಾಕುವುದುಂಟು.

ಗುಂಡು: ಹಾಕಲಿ. ಬರೆದವನ ಜವಾಬ್ದಾರಿ ಅಲ್ಲಿಗೆ ಮುಗಿಯಿತಷ್ಟೆ. ಬ್ರಹ್ಮಗಿರಿಯಲ್ಲಿರುವ ನನ್ನ ಅಣ್ಣನ ಕಡೆಯ ಸಾಲನ್ನು ನೋಡಿದ್ದೀಯೋ? ಬರೆದವನು ಚಪಡನೆಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಇಲ್ಲಿ ಅದನ್ನು ಓದುವವನು ಒಬ್ಬನೂ ಇರಲಿಲ್ಲ. ಜನಕ್ಕೆ ಅರ್ಥವಾಗದಂತೆ ರುಜು ಹಾಕುವ ಗತ್ತು ನಿಮ್ಮ ಕಾಲದಲ್ಲಿ ಹುಟ್ಟಿದ್ದೆಂದು ತಿಳಿಯಬೇಡ.

ನಾನು: ಶಾಸನದ ಉದ್ದೇಶವಾದರೂ ಉದಾತ್ತವಾದುದಲ್ಲವೆ?

ಗುಂಡು: ಅದರಲ್ಲಿ ಎರಡು ಮಾತಿಲ್ಲ. ಪರಾಕ್ರಮವೆಂಬುದು ದೊಡ್ಡವರ ಸೊತ್ತಲ್ಲ, ಚಿಕ್ಕವನೂ ಉದ್ಯುಕ್ತನಾದರೆ ಸ್ವರ್ಗವನ್ನು ಸಾಧಿಸಬಲ್ಲನು, ಗಡಿಯಾಚೆಯವರಿಗೂ ಇದು ತಿಳಿಯಲಿ ಎಂದು ಹೇಳಿದ ದೊರೆ ಸಾಮಾನ್ಯನಲ್ಲ. ಮೊದಲ ವರ್ಷ ತಾನೇ ಸಾಕಷ್ಟು ಉದ್ಯುಕ್ತನಾಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ, ನೋಡು. ಅಂಥ ಸುತ್ತೋಲೆ ನಿಮ್ಮಲ್ಲಿ ಯಾವ ಇಲಾಖೆಯಿಂದ ಬಂದೀತು! ಆದರೆ ಅವನೂ ಕೊನೆಗೆ ಗುರಿಯನ್ನು ನಿಗದಿಮಾಡದೆ ಬಿಡಲಿಲ್ಲ. ಈ ಕಾರ್ಯ ವೃದ್ಧಿಯಾಗತಕ್ಕದ್ದು, ಬಹಳವಾಗಿ ವೃದ್ಧಿಯಾಗತಕ್ಕದ್ದು, ಕಡೆಯ ಪಕ್ಷ ಒಂದೂವರೆ ಪಟ್ಟು ವೃದ್ಧಿಯಾಗತಕ್ಕದ್ದು ಎಂದ. ಯಾವುದರ ಒಂದೂವರೆ ಪಟ್ಟು, ಅಳೆಯುವವರು ಯಾರು ಎಂಬುದನ್ನು ಹೇಳಲಿಲ್ಲ. ಜೊತೆಗೆ 256 ಎಂದೊಂದು ಅಂಕಿಯನ್ನು ಹಾಕಿಸಿದ. ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಕೆಲವು ಪಂಡಿತರು, ಅಲ್ಲವೆಂದು ಕೆಲವರು. ನನಗೆ ಮಾತ್ರ ಕಡತದ ನಂಬರಿರಬೇಕೆಂದು ಅನುಮಾನ.

ನಾನು: ವಾಟ್ಸಾಪಿನ ಗ್ರೂಪಿಗೂ ಬಹುಕಾಲ 256 ಮಂದಿಯ ಮಿತಿಯಿತ್ತು, ಅಜ್ಜಾ.

ಗುಂಡು: ಹಾಗಾದರೆ ಪಂಡಿತರಿಗೆ ತಿಳಿಸು. ಇನ್ನೊಂದು ಲೇಖನವಾದೀತು.

ನಾನು: ತರುಣರನ್ನು ಆಡಳಿತದೊಳಕ್ಕೆ ಕರೆತರುವ ಯೋಜನೆಯೇನಾದರೂ ಅಂದು ಇತ್ತೆ?

ಗುಂಡು: ಏಕಿಲ್ಲ? ತಾಯಿತಂದೆಗಳ ಮಾತು ಕೇಳಬೇಕು, ಹಿರಿಯರಿಗೆ ವಿಧೇಯನಾಗಿರಬೇಕು, ಅಂತೇವಾಸಿಯಾದವನು ಆಚಾರ್ಯನನ್ನು ಗೌರವಿಸಬೇಕು, ಅದೇ ಯೋಜನೆ. ಗುತ್ತಿಯ ಹತ್ತಿರ ಎರ್ರಗುಡಿಯಲ್ಲಿರುವ ನಮ್ಮ ದಾಯಾದಿಯ ಮೈಮೇಲೆ ವಿವರ ಇನ್ನಷ್ಟುಂಟು: ರಾಜುಕನು ಭೇರಿ ಹೊಡೆಸಿ ಜನಪದಕ್ಕೆ ಸಾರಬೇಕು, ಆನೆ ಏರುವವರು, ಕರಣಿಕರು, ಬ್ರಾಹ್ಮಣರು ತಂತಮ್ಮ ಶಿಷ್ಯರಿಗೆ ಬೋಧಿಸಬೇಕು. ದೊರೆಯಿಂದ ಅಧಿಕಾರಿಗೆ, ಅಧಿಕಾರಿಯಿಂದ ಗುರುವಿಗೆ, ಗುರುವಿನಿಂದ ಹುಡುಗನಿಗೆ. ಹುಡುಗನಿಂದ ಯಾರಿಗೆ ಎಂಬುದು ಶಾಸನದಲ್ಲಿಲ್ಲ. ಹುಡುಕಿ ನೋಡಿದ್ದೇನೆ, ಸವೆದ ಸಾಲಿನಲ್ಲಿಯೂ ಇದ್ದಂತೆ ನೆನಪಿಲ್ಲ.

ನಾನು: ಈಗ ಹಾಗಲ್ಲ. ಕಂದಾಯಕ್ಕೂ ಲೆಕ್ಕಕ್ಕೂ ಪಂಚತಂತ್ರ 2.0 ಇದೆ, ಮನೆ ನಿವೇಶನಕ್ಕೆ ಇ-ಸ್ವತ್ತು ಇದೆ, ಪಂಚಾಯ್ತಿಯಲ್ಲಿಯೇ ಬಾಪೂಜಿ ಸೇವಾ ಕೇಂದ್ರವಿದೆ. ಪಂಚಮಿತ್ರ ಎಂಬುದನ್ನು ತೆರೆದರೆ ಸದಸ್ಯರ ಹೆಸರು, ಸಭೆಯ ಮಾಹಿತಿ ಕಾಣುತ್ತದೆ, ವಾಟ್ಸಾಪಿನಲ್ಲಿಯೇ ದೂರು ಕೊಡಬಹುದು.

ಗುಂಡು: ನಾನು ಹಳಬನಾದ ಮಾತ್ರಕ್ಕೆ ಹೊಸದನ್ನೆಲ್ಲ ಹಳಿಯುವವನಲ್ಲ. ನಮೂನೆ 9ಕ್ಕಾಗಿ ಪಂಚಾಯ್ತಿಗೆ ಅಲೆದಲೆದು ಚಪ್ಪಲಿ ಸವೆಸಿದವರು ಹರಕೆ ಹೊತ್ತು ಈ ಬೆಟ್ಟ ಹತ್ತಿದ್ದನ್ನು ಕಂಡಿದ್ದೇನೆ. ಅಂಥವರ ಅಲೆದಾಟ ಎಷ್ಟು ತಪ್ಪಿದರೂ ಪುಣ್ಯವೇ. ಸಭೆ ಎಂದು ನಡೆಯುವುದೆಂಬುದು ನಡೆದುಹೋದ ಮೇಲೂ ತಿಳಿಯದಿದ್ದ ಕಾಲವೊಂದಿತ್ತು. ಈಗ ತಿಳಿಸುತ್ತಾರೆ. ತಿಳಿಸಿದ ಮೇಲೆ ಕೇಳುತ್ತಾರೆಯೇ ಎಂಬುದಷ್ಟೆ ನನ್ನ ಸಂದೇಹ. ಈ ಸೀಮೆಯ ಒಂದು ಪಂಚಾಯ್ತಿ, ಹೆಸರೇಕೆ ಬಿಡು, ಯುವಜನರಿಗೆಂದೇ ಒಂದು ಗ್ರೂಪು ಮಾಡಿತು. ಹೆಸರು ‘ಯುವಶಕ್ತಿ ನಮ್ಮ ಶಕ್ತಿ’. ಸಂದೇಶ ಹಾಕುವ ಅಧಿಕಾರ ಅಡ್ಮಿನ್‌ಗೆ ಮಾತ್ರ. ಬೆಳಗ್ಗೆ ಸೂರ್ಯೋದಯದ ಚಿತ್ರ, ಹಬ್ಬಕ್ಕೆ ಶುಭಾಶಯ, ತಿಂಗಳ ಕೊನೆಗೆ ಮನೆಗಂದಾಯದ ಜ್ಞಾಪನೆ. ಹುಡುಗರು ಒಂದು ಹೆಬ್ಬೆರಳನ್ನು ಒತ್ತಬಹುದಾಗಿತ್ತು.

ನಾನು: ಅದೂ ಒಂದು ವಿಧದ ಪಾಲ್ಗೊಳ್ಳುವಿಕೆಯಲ್ಲವೆ?

ಗುಂಡು: ಹೆಬ್ಬೆಟ್ಟು ಒತ್ತುವುದನ್ನು ಬಿಡಿಸಬೇಕೆಂದು ಊರೂರಿಗೆ ರಾತ್ರಿಶಾಲೆ ತೆರೆದವರಪ್ಪ ನೀವು!

ಇಲ್ಲಿ ಗುಂಡು ನಕ್ಕಿತೆಂದು ಬರೆದರೆ ಓದುಗರು ನಂಬಲಾರರಾದುದರಿಂದ ಮುಂದುವರಿಯುತ್ತೇನೆ.

ಗುಂಡು: ಒಂದು ದಿನ ಅಡ್ಮಿನ್ ಮಹಾಶಯನು ಹೊಸ ಫೋನು ಕೊಂಡ. ಅದರಲ್ಲಿ ಏನೋ ಒತ್ತುವಾಗ ಇನ್ನೇನೋ ಒತ್ತಿ, ಗ್ರೂಪಿನ ಬೀಗ ತೆರೆದುಕೊಂಡಿತು. ಆ ಹೊತ್ತಿನಲ್ಲಿ ನನ್ನ ಮೇಲೆ ಮೂವರು ಹುಡುಗರು ಕುಳಿತಿದ್ದರು. ಊರಿಗಿಂತ ಇಲ್ಲಿ ಸಿಗ್ನಲ್ ಚೆನ್ನಾಗಿ ಸಿಕ್ಕುತ್ತದೆ. ಮೊದಲು ಒಬ್ಬಳು ಹುಡುಗಿ, ಶುದ್ಧ ನೀರಿನ ಘಟಕ ನಿಂತು ಎಷ್ಟು ದಿನವಾಯಿತು, ರಿಪೇರಿಯ ಬಿಲ್ಲು ಮಾತ್ರ ಹೇಗೆ ಪಾಸಾಯಿತು ಎಂದು ಕೇಳಿದಳು. ಗ್ರೂಪು ಉಸಿರು ಬಿಗಿಹಿಡಿಯಿತು. ಬಳಿಕ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದವನೊಬ್ಬ, ಗ್ರಾಮಸಭೆಯನ್ನು ಭಾನುವಾರ ಇಟ್ಟರೆ ತಾನೂ ಬಂದೇನೆಂದ. ಬೀದಿದೀಪ ಹಗಲೆಲ್ಲ ಉರಿಯುವ ಫೋಟೋ ಬಂತು. ಕ್ರಿಯಾಯೋಜನೆಯ ಪ್ರತಿ ಎಲ್ಲಿದೆ ಎಂದು ಕೇಳಿದರು. ಶಾಲೆಯ ಹಿಂದಿನ ಚರಂಡಿಯನ್ನು ಅಳೆದು ನೋಡಿ, ಬೋರ್ಡಿನಲ್ಲಿ ಬರೆದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಇರುವ ಅಂತರವನ್ನು ಹಾಕಿದರು. ಒಬ್ಬ ತಾತನವರೂ ಮೊಮ್ಮಗನಿಂದ ಧ್ವನಿಸಂದೇಶ ಹಾಕಿಸಿದರು, ತೆಲುಗಿನಲ್ಲಿ, ಗಡಿಯ ಸೀಮೆಯಲ್ಲವೆ. ಆಸಕ್ತಿಯಿಲ್ಲ, ಆಸಕ್ತಿಯಿಲ್ಲ ಎಂದು ಯಾರ ಮೇಲೆ ದೂರಿದ್ದರೋ ಆ ಜನವೇ ಇದು. ಸಂಜೆಯ ಹೊತ್ತಿಗೆ ಅಡ್ಮಿನ್‌ಗೆ ವಿಷಯ ತಿಳಿಯಿತು, ಬೀಗ ಬಿತ್ತು. ಮಾರನೆಯ ಬೆಳಗ್ಗೆ ಸೂರ್ಯೋದಯ.

ನಾನು: ತಾಂತ್ರಿಕ ದೋಷವೆಂದು ವರದಿಯಾಗಿರಬೇಕು.

ಗುಂಡು: ಅಷ್ಟೆ ಅಲ್ಲ. ಮುಂದಿನ ಗ್ರಾಮಸಭೆಗೆ ಆ ಹುಡುಗಿ ಬಂದಳು. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಯಿತು. ಹೋಗುವ ಮುಂಚೆ ಫೋಟೋ ತೆಗೆದರು. ಸ್ಥಳದ ಅಕ್ಷಾಂಶ ರೇಖಾಂಶ ಸಮೇತ ಫೋಟೋ ಮೇಲಕ್ಕೆ ಹೋಗಬೇಕಂತೆ. ನಾನಿರುವ ಅಕ್ಷಾಂಶ ಎರಡು ಸಾವಿರ ವರ್ಷಗಳಿಂದ ಬದಲಾಗಿಲ್ಲ. ಅದರಿಂದ ಯಾರಿಗೆ ಏನು ಉಪಯೋಗವಾಯಿತೋ ಕಾಣೆ.

ಫೋಟೋದ ಮಾತು ಬಂದುದರಿಂದ ಉದ್ಯೋಗ ಖಾತರಿಯ ಕೆಲಸದಲ್ಲಿ 2023ರ ಜನವರಿಯಿಂದ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲಿ ಫೋಟೋ ಸಹಿತ ಹಾಕುವುದು ಕಡ್ಡಾಯವಾದ ಸಂಗತಿಯನ್ನೂ, ಆ ಮೇಲೆ ಫೋಟೋವನ್ನೇ ಫೋಟೋ ಹಿಡಿದು ಹಾಕುತ್ತಿದ್ದಾರೆಂದು ಕೇಂದ್ರದ ಇಲಾಖೆಯೇ 2025ರಲ್ಲಿ ರಾಜ್ಯಗಳಿಗೆ ಬರೆದುದನ್ನೂ ತಿಳಿಸಿದೆ. ಶಾಸನದ ಪಡಿಯಚ್ಚನ್ನು ತೆಗೆದು, ಪಡಿಯಚ್ಚಿನ ಫೋಟೋ ತೆಗೆದು, ಫೋಟೋ ನೋಡಿ ಪುಸ್ತಕ ಬರೆದವರನ್ನು ತಾನು ಬಲ್ಲೆನೆಂದೂ, ಆದುದರಿಂದ ಆಶ್ಚರ್ಯವೇನೂ ಆಗಲಿಲ್ಲವೆಂದೂ ಉತ್ತರ ಬಂತು.

ನಾನು: ಹದಿನೆಂಟು ತುಂಬದವರಿಗಾಗಿ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕೆಂದು ನಮ್ಮ ಸರ್ಕಾರ 2006ರಲ್ಲಿಯೇ ಆಜ್ಞೆ ಮಾಡಿದೆ. ಅದು ತಮಗೆ ಸಮ್ಮತವೆ?

ಗುಂಡು: ಅದಕ್ಕೂ ಮುಂಚೆ ಕುಂದಾಪುರದ ಕಡೆ, ಮಕ್ಕಳೇ ಪಂಚಾಯ್ತಿ ಕಟ್ಟಿಕೊಂಡು, ಹೊಳೆ ದಾಟಲು ಕಾಲುಸಂಕ ಬೇಕೆಂದು ದೊಡ್ಡವರನ್ನು ಹಿಡಿದು ಕೇಳಿದ್ದರಂತೆ. ಘಟ್ಟದಾಚೆಯ ಸುದ್ದಿಯಾದರೂ ಯಾತ್ರಿಕರ ಬಾಯಿಂದ ಬಂತು. 1990ರ ದಶಕವಷ್ಟೆ, ಅವರ ಕೈಯಲ್ಲಿ ಯಾವ ಫೋನಿತ್ತು?

ನಾನು: ಯಾವುದೂ ಇರಲಿಲ್ಲ. ಕಾಗದ, ಪೆನ್ಸಿಲು.

ಗುಂಡು: ಕೇಳಿದ್ದಕ್ಕೆ ಉತ್ತರ ಕೊಡುವ ದೊಡ್ಡವರೂ ಇದ್ದಿರಬೇಕು. ಆ ಸಾಮಗ್ರಿ ಅಂಗಡಿಯಲ್ಲಿ ಸಿಕ್ಕುವುದಿಲ್ಲ ನೋಡು. ನಿಮ್ಮ ಹದಿನೆಂಟರ ಹುಡುಗನಿಗೆ ವೋಟು ಹಾಕಲು ಅಧಿಕಾರವಿದೆ, ಪಂಚಾಯ್ತಿಗೆ ನಿಲ್ಲಲು ಇಪ್ಪತ್ತೊಂದು ತುಂಬಬೇಕು. ನಡುವಿನ ಮೂರು ವರ್ಷ ಅವನಿಗೆ ಆ್ಯಪು ಕೊಟ್ಟಿದ್ದೀರಿ.

ನಾನು ಈ ಹಂತದಲ್ಲಿ, ಒಬ್ಬ ನಿಷ್ಪಕ್ಷಪಾತಿ ಲೇಖಕನಿಗೆ ಉಚಿತವಾದಂತೆ, ಯಾವ ಯಾವ ವಿಷಯಗಳಲ್ಲಿ ತರುಣರ ಅಭಿಪ್ರಾಯವನ್ನು ಮೊಬೈಲಿನಲ್ಲಿ ಕೇಳಬಹುದೆಂದು ಸಲಹೆ ಬೇಡಿದೆ. ಪಾರ್ಕಿನ ಬೆಂಚಿಗೆ ಯಾವ ಬಣ್ಣ, ಗ್ರಂಥಾಲಯಕ್ಕೆ ಯಾವ ಹೆಸರು, ಸ್ವಾಗತ ಕಮಾನಿನ ಮೇಲೆ ಯಾರ ಚಿತ್ರ, ಇಂಥ ಉದಾಹರಣೆಗಳನ್ನೂ ಮುಂದಿಟ್ಟೆ. ಗುಂಡು ದಕ್ಷಿಣದ ಬಯಲಿನ ಮಾತನ್ನೆತ್ತಿತು.

ಗುಂಡು: ಚಳ್ಳಕೆರೆಯ ಅಮೃತಮಹಲ್ ಕಾವಲನ್ನು ಬಲ್ಲೆಯಷ್ಟೆ? ಉಳ್ಳಾರ್ತಿ, ವರವು, ಕುದಾಪುರ. ಸುತ್ತಿನ ಹಳ್ಳಿಗಳ ಕುರಿ ದನಗಳಿಗೆ ಅದೇ ಕಣಜ, ಕಂಬಳಿ ನೇಯುವವರಿಗೆ ಉಣ್ಣೆ ಅದರಿಂದಲೇ. ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಗೆ, ಬಾಹ್ಯಾಕಾಶಕ್ಕೆ, ಅಣುಶಕ್ತಿಗೆ, ವಿಜ್ಞಾನ ಸಂಸ್ಥೆಗೆ ಹೋಯಿತು. ವಿಜ್ಞಾನ ದೊಡ್ಡದೇ, ನಾನು ಅಡ್ಡಿ ಹೇಳುವವನಲ್ಲ. ಆದರೆ ಕುರಿ ಹೊಡೆದುಕೊಂಡು ಹೋದವರಿಗೆ ಎದುರಿಗೆ ಗೋಡೆ ಎದ್ದ ಮೇಲೆಯೇ ಸಂಗತಿ ತಿಳಿಯಿತೆಂಬುದು ಆ ಹಳ್ಳಿಯವರ ದೂರು. ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಆ ಕಾಲಕ್ಕೂ ಫೋನಿತ್ತು. ‘ಈ ಕಾವಲನ್ನು ಕೊಡೋಣವೇ’ ಎಂಬ ಸಂದೇಶ ಯಾವ ಹುಡುಗನ ಫೋನಿಗೂ ಬಂದುದನ್ನು ನಾನು ಕೇಳಲಿಲ್ಲ. ಬೆಂಚಿನ ಬಣ್ಣ ಕೇಳುತ್ತೀರಿ. ಕೇಳಿ. ನೀಲಿ ಆಗಲಿ.

ನಾನು: ಅಜ್ಜಾ, ತಮ್ಮ ಮಾತು ಕಠಿಣವಾಯಿತು.

ಗುಂಡು: ಬಂಡೆಯನ್ನು ಮಾತನಾಡಿಸಲು ಬಂದವನು ಮೃದುವಾದುದನ್ನು ನಿರೀಕ್ಷಿಸಿದ್ದು ಯಾರ ತಪ್ಪು? ನನ್ನನ್ನೇ ನೋಡು. ಚಕ್ರವರ್ತಿಯ ಸಂದೇಶವನ್ನು ಶತಮಾನಗಟ್ಟಲೆ ಹೊತ್ತು ಕುಳಿತೆ. ಪ್ರಿನ್ಸೆಪ್ ಎಂಬವನು 1837ರಲ್ಲಿ ಬ್ರಾಹ್ಮಿಯ ಗುಟ್ಟನ್ನು ಬಿಡಿಸುವವರೆಗೆ ಅದನ್ನು ಓದಬಲ್ಲವರೇ ಉಳಿದಿರಲಿಲ್ಲ. ನಡುವೆ ಬಳೆಗಾರರು ಬಂದರು. ನನ್ನ ಮೇಲೆ ಮಲಾರ ಬಿಚ್ಚಿದರು, ಬಳೆ ಹರಡಿದರು, ಹೆಣ್ಣುಮಕ್ಕಳು ಕುಳಿತು ಕೈ ನೀಡಿದರು, ಯಾವ ಬಣ್ಣವೆಂದು ಕೇಳಿದರು, ಬೇಡವೆಂದರು, ಚೌಕಾಸಿ ಮಾಡಿದರು. ಅವರ ತುಳಿತಕ್ಕೆ ನನ್ನ ಅಕ್ಷರ ಬಹುಮಟ್ಟಿಗೆ ಸವೆದುಹೋಯಿತು. ಪುರಾತತ್ತ್ವದವರು ಅದಕ್ಕಾಗಿ ಮರುಗುತ್ತಾರೆ. ನನಗೆ ಅಷ್ಟೇನೂ ಬೇಸರವಿಲ್ಲವೆಂದು ಬರೆದುಕೊ. ಎರಡು ಕಡೆಯಿಂದಲೂ ಮಾತು ನಡೆದುದು ನನ್ನ ಮೇಲೆ ಆವಾಗಲೇ.

ನಾನು: ಹಾಗಿದ್ದರೆ ಹೊಸದಾಗಿ ಆ್ಯಪು ಮಾಡುವವರಿಗೆ ತಮ್ಮ ಸಲಹೆಯೇನು?

ಗುಂಡು: ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ. ಕೆತ್ತುವುದಾದರೆ ಕೆಳಗೆ ಒಂದೆರಡು ಮೊಳ ಜಾಗ ಬಿಟ್ಟು ಕೆತ್ತಲಿ, ಉತ್ತರ ಬರೆಯುವವರಿಗೆ. ನನ್ನ ಅಂಚಿನಲ್ಲಿ ಈಗಲೂ ಸ್ವಲ್ಪ ಸ್ಥಳವಿದೆ. ಆ ನೀರಿನ ಘಟಕದ ಹುಡುಗಿಯನ್ನು ಕರೆದುಕೊಂಡು ಬಾ, ಬರೆಯಲಿ.

ನಾನು: ಅದಾಗದು, ಅಜ್ಜಾ. ತಾವು ಸಂರಕ್ಷಿತ ಸ್ಮಾರಕ. 1958ರ ಕಾಯಿದೆಯಿದೆ, 2010ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ. ತಮ್ಮನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ.

ಗುಂಡು: ಅಪ್ಪಣೆಯಿಲ್ಲದೆ ನನ್ನ ಬೆನ್ನನ್ನು ಉದ್ದಕ್ಕೂ ಉಳಿಯಿಂದ ಕೊರೆಸಿದನಲ್ಲ, ಆ ದೇವಾನಾಂಪ್ರಿಯ, ಅವನ ಮೇಲೆ ಫಿರ್ಯಾದು ಕೊಡಬಹುದೋ?

ಕಾಯಿದೆ ಹಿಂದಿನ ದಿನಾಂಕದಿಂದ ಅನ್ವಯಿಸುವುದಿಲ್ಲವೆಂದು ವಿವರಿಸಿದೆ. ಹಾಗಾದರೆ ಪಂಚಮಿತ್ರದಲ್ಲಾದರೂ ದೂರು ಹಾಕಿನೋಡೆಂದಿತು. ಸಿಗ್ನಲ್ ಚೆನ್ನಾಗಿತ್ತು, ಹಾಕಹೊರಟೆ. ಯಾವ ಗ್ರಾಮ, ಯಾವ ವಾರ್ಡು, ಅರ್ಜಿದಾರರ ಮೊಬೈಲ್ ಸಂಖ್ಯೆ ಯಾವುದು ಎಂಬಲ್ಲಿಗೆ ಬಂದು ನಿಂತಿತು.