ಸಾಹೇಬ್ರು ಪೇಪರಿನ್ಯಾಗ ಬಂದಾರ

ನಮ್ಮ ಹುಕ್ಕೇರಿ ತಾಲ್ಲೂಕಿನ ದಡ್ಡಿ ಕಡೆ ಯಾರಾದರೂ ಪೇಪರಿನಲ್ಲಿ ಬಂದರು ಅಂದರೆ ಮೊದಲು ಕೇಳುವುದು, "ಯಾಕ, ಏನ್ ಮಾಡಿದ್ರು?" ಅಂತ. ಅಪಘಾತ, ಲಂಚ, ಇಲೆಕ್ಷನ್, ಶ್ರದ್ಧಾಂಜಲಿ: ಈ ನಾಲ್ಕು ಬಾಗಿಲು ಬಿಟ್ಟು ಬೇರೆ ದಾರಿಯಿಂದ ಮನುಷ್ಯ ಪೇಪರಿನೊಳಗೆ ಹೋಗಬಹುದು ಅಂತ ಊರಿಗೆ ನಂಬಿಕೆಯಿಲ್ಲ. ಹಾಗಾಗಿ ಕಾಲೇಜಿನ ಪ್ರೊಫೆಸರ್ ಸಾಹೇಬರು ತಮ್ಮ ಸಂಶೋಧನೆಯನ್ನು ನಾಲ್ಕು ಮಂದಿಗೆ ತಿಳಿಯುವ ಕನ್ನಡದಲ್ಲಿ ಬರೆದು, ಫೋಟೋ ಸಮೇತ ಅಚ್ಚಾದರೆ, ಚಹಾದಂಗಡಿಯವನೂ ಅವರನ್ನು ಒಂದು ಥರಾ ನೋಡುತ್ತಾನೆ.

ಊರಿನ ಅನುಮಾನ ಎರಡು ಕಪ್ ಚಹಾಕ್ಕೆ ಕರಗುತ್ತದೆ. ಸ್ಟಾಫ್ ರೂಮಿನದು ರಿಟೈರ್ ಆಗುವ ತನಕ ಕರಗುವುದಿಲ್ಲ. "ಏನ್ ಸರ, ಭಾಳ ದೊಡ್ಡ ಸಾಹಿತಿ ಆದ್ರೆಲಾ!" ಅಂತ ಒಬ್ಬರು. "ನಮಗ ಕ್ಲಾಸ್ ತಗೊಳ್ಳಾಕ ಟೈಮ್ ಸಾಲಂಗಿಲ್ರಿ, ನಿಮಗ ಇಷ್ಟೆಲ್ಲಾ ಬರಿಯಾಕ ಹೆಂಗ ಸಿಗತೈತಿ?" ಅಂತ ಇನ್ನೊಬ್ಬರು. ಈ ಎರಡನೆಯದು ಪ್ರಶ್ನೆಯಲ್ಲ. ಪಕ್ಕದ ಕೋಣೆಯ ಪ್ರಿನ್ಸಿಪಾಲರಿಗೆ ಕೇಳಿಸಲಿ ಅಂತ ಸ್ವಲ್ಪ ಎತ್ತರಿಸಿ ಆಡಿದ ಮಾತು.

ಇನ್ನು ಅಂಕದ ಲೆಕ್ಕ. ಜೀವಮಾನವಿಡೀ ಹುಡುಗರಿಗೆ ಅಂಕ ಹಾಕಿದವರಿಗೇ ಅಂಕ ಹಾಕುವ ಪದ್ಧತಿಯನ್ನು ಯುಜಿಸಿ 2010ರಲ್ಲಿ ತಂದಿತು. 2019ರಲ್ಲಿ 'ಕೇರ್' ಎಂಬ ಪಟ್ಟಿ ಬಂತು. ಅದರಲ್ಲಿದ್ದ ಜರ್ನಲ್ಲಿಗೆ ಕಿಮ್ಮತ್ತು, ಉಳಿದದ್ದು ರದ್ದಿ. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟರು. ಪಟ್ಟಿ ಬಂದಿತು, ಹೋಯಿತು. ಹುಕ್ಕೇರಿ ಸಂತೆಗೆ ಬರುವ ಓದುಗ ಮಾತ್ರ ಯಾವ ಪಟ್ಟಿಯಲ್ಲೂ ಸೇರಲಿಲ್ಲ. ಆದರೆ ಒಂದು ಮಾತು ಹೇಳಬೇಕು. ಅಂತಾರಾಷ್ಟ್ರೀಯ ಜರ್ನಲ್ಲಿನ ಲೇಖನಕ್ಕೆ ಮಿರ್ಚಿ ಭಜಿಯ ಎಣ್ಣೆ ಹತ್ತುವ ಭಾಗ್ಯವಿಲ್ಲ. ಪೇಪರಿನ ಲೇಖನ ಭಜಿ ಕಟ್ಟಿಸಿಕೊಂಡು ಮನೆಗೆ ಹೋಗುತ್ತದೆ. ಬಿಚ್ಚಿದವರು ಎಣ್ಣೆ ನೆಂದ ಜಾಗದಲ್ಲಿ ಹಿಂದಿನ ಪುಟದ ಅಕ್ಷರವೂ ಮೂಡಿದ್ದನ್ನು ಲೆಕ್ಕಿಸದೆ ಎರಡು ಸಾಲು ಓದಿಯೇ ಕೈ ಒರೆಸಿಕೊಳ್ಳುತ್ತಾರೆ. ಎರಡು ಸಾಲು! ಎಷ್ಟೋ ಪಿಎಚ್‌ಡಿ ಪ್ರಬಂಧಗಳಿಗೆ ಗೈಡ್ ಸಾಹೇಬರಿಂದಲೂ ಅಷ್ಟು ದಕ್ಕಿರುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆ, ಕೇಂಬ್ರಿಜ್ಜಿನಲ್ಲಿ ಗಣಿತ ಓದಿ ಬಂದವರು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. ಪ್ರಸಾರಾಂಗಕ್ಕೆ ಕವಿ ಚೆನ್ನವೀರ ಕಣವಿ ನಿರ್ದೇಶಕರು. ಪ್ರಾಧ್ಯಾಪಕರನ್ನು ಹಳ್ಳಿಗೆ ಕರೆದೊಯ್ದು ಉಪನ್ಯಾಸ ಮಾಡಿಸಿ, ಅದನ್ನೇ ಅಗ್ಗದ ಸಣ್ಣ ಪುಸ್ತಕ ಮಾಡಿ ಹಂಚುವುದು ಆಗ ವಿಶ್ವವಿದ್ಯಾಲಯದ್ದೇ ಕೆಲಸ. ಈಗ ಅದೇ ಕೆಲಸ ಮಾಡಿದವರು ಸ್ಟಾಫ್ ರೂಮಿನಲ್ಲಿ 'ಬಿಡುವಿದ್ದವರು'.

ಬಿ.ಜಿ.ಎಲ್. ಸ್ವಾಮಿಯವರನ್ನೇ ನೋಡಿ. ತಾವು ಗುರುತಿಸಿದ ಸಸ್ಯವೊಂದಕ್ಕೆ ಹಾರ್ವರ್ಡಿನ ತಮ್ಮ ಗುರು ಇರ್ವಿಂಗ್ ಬೇಲಿಯ ಹೆಸರಿಟ್ಟ ಸಸ್ಯವಿಜ್ಞಾನಿ. ಆ ಗಿಡದ ಹೆಸರು ಎಷ್ಟು ಮಂದಿಗೆ ಗೊತ್ತು? ಅವರ 'ಹಸುರು ಹೊನ್ನು' ಪುಸ್ತಕ ಕೇಳಿ, ಗೊತ್ತು. 'ಕಾಲೇಜು ರಂಗ'ವಂತೂ ಪುಟ್ಟಣ್ಣ ಕಣಗಾಲರ ಕೈಯಲ್ಲಿ 1976ರಲ್ಲಿ ಸಿನಿಮಾ ಆಯಿತು. ಸಹೋದ್ಯೋಗಿಗಳ ಮರ್ಜಿ ಕಾಯ್ದುಕೊಂಡು ಕುಂತಿದ್ದರೆ ಅಂಥ ಪುಸ್ತಕ ಹುಟ್ಟುತ್ತಿತ್ತೇ? ನಮ್ಮ ತಾಲ್ಲೂಕಿನ ಘೋಡಗೇರಿಯ ನಾಟಕಕಾರ ಚಂದ್ರಶೇಖರ ಕಂಬಾರರ ಪಿಎಚ್‌ಡಿ ವಿಷಯ ಯಾವುದು ಅಂತ ಕೇಳಿದರೆ ಊರು ತಲೆ ಕೆರೆದುಕೊಳ್ಳುತ್ತದೆ. ಅವರ 'ಜೋಕುಮಾರಸ್ವಾಮಿ' ಅಂದರೆ ಹಾಡಿಯೇ ತೋರಿಸುತ್ತದೆ.

ಇಷ್ಟು ಚೇಷ್ಟೆ ಮಾಡುವ ನಾಲಿಗೆ ಒಂದು ಹೆಸರಿಗೆ ಬಂದು ನಿಲ್ಲುತ್ತದೆ. ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ಲೇಖನ ಸಂಗ್ರಹ 'ಮಾರ್ಗ'ದ ಮೊದಲ ಸಂಪುಟದಲ್ಲಿ ಬರೆದದ್ದನ್ನು 1989ರಲ್ಲಿ ಒತ್ತಡಕ್ಕೆ ಹಿಂದೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅದಾದ ಮೇಲೆ ಕೆಲವು ವಿದ್ವಾಂಸರು ಯಾರಿಗೂ ಅರ್ಥವಾಗದ ಕನ್ನಡವನ್ನು ಹೆಲ್ಮೆಟ್ಟಿನಂತೆ ತೊಟ್ಟುಕೊಂಡರೆ ನಾನು ನಗಲಾರೆ. ಆದರೆ ಕೂರಿಗಿ, ಕುಂಟಿಯ ಬಗ್ಗೆ ಬರೆಯುವವರೂ ಅದನ್ನೇ ತೊಟ್ಟುಕೊಂಡರೆ?

ಕೂರಿಗಿ ಅಂದೆನಲ್ಲ, ಅದರದೂ ಒಂದು ಕಥೆ ನಮ್ಮ ಕಡೆ ಓಡಾಡುತ್ತಿದೆ. ಸಾಹೇಬರೊಬ್ಬರು ಬೇಸಾಯದ ಸಲಕರಣೆ ಮೇಲೆ ಜರ್ನಲ್ಲಿನಲ್ಲಿ ಬರೆದರು. ಇಬ್ಬರು ತಜ್ಞರು ಪರಿಶೀಲಿಸಿ, ಅಡಿಟಿಪ್ಪಣಿಯ ಅಲ್ಪವಿರಾಮ ತಿದ್ದಿ, ಶಹಬ್ಬಾಸ್ ಅಂದರು. ಅದನ್ನೇ ತಿಳಿಗನ್ನಡ ಮಾಡಿ ಪೇಪರಿಗೆ ಕೊಟ್ಟರು, ಅದೇ ಚಿತ್ರದ ಜೊತೆ. ಬೆಳಿಗ್ಗೆ ಎಂಟಕ್ಕೇ ಫೋನು.

"ಸರ, ನೀವು ಕೂರಿಗಿ ಅಂತ ಹಾಕಿದ ಫೋಟೋ ಕುಂಟೀದೈತ್ರಿ."

"ಅದು… ಅಚ್ಚಿನ ದೋಷ, ಯಜಮಾನ್ರ."

"ಆಗಲಿ ಬಿಡ್ರಿ. ಆದ್ರ ಬೀಜ ಎಲ್ಲಿಂದ ಬಿಡಬೇಕ್ರಿ ಅದರಾಗ? ಬೀಜಾ ಹಾಕೂ ಬಟ್ಟಲನ ಇಲ್ಲ. ಅದು ಕಸಾ ಹರಗತೈತಿ, ಬಿತ್ತಂಗಿಲ್ಲ."

ಸಾಹೇಬರು ಬೆವರು ಒರೆಸಿಕೊಂಡು, ಮುಂದಿನ ವಾರವೇ ತಿದ್ದುಪಡಿ ಹಾಕಿಸುತ್ತೇನೆ ಅಂದರು. ಜರ್ನಲ್ಲಿನಲ್ಲಿ ಮಾತ್ರ ಇವತ್ತಿಗೂ ಅದೇ ಕುಂಟಿ ಬೀಜ ಬಿತ್ತುತ್ತಲೇ ಇದೆಯಂತೆ, ಪೂರ್ತಿ ಅಂಕದೊಂದಿಗೆ.

ಯಜಮಾನರು ಫೋನಿಡುವ ಮುಂಚೆ ಸಮಾಧಾನವನ್ನೂ ಹೇಳಿದರು: "ಬರೀರಿ ಸರ, ಬಿಡಬ್ಯಾಡ್ರಿ. ಮುಂದಿನ ಸಲ ಮೊದಲ ಹೊಲಕ್ಕ ಬರ್ರಿ, ತೋರಸ್ತೀನಿ. ಸೋಮವಾರ ಮಾತ್ರ ಬರಬ್ಯಾಡ್ರಿ, ಅವತ್ತ ಎತ್ತ ಹೂಡಂಗಿಲ್ಲ."