ಒಮ್ಮೆ ಒತ್ತಿ ಬಿಡಿರಿ

ಕೊಥ್ರೂಡಿನಿಂದ ಸಿಂಹಗಡ ರಸ್ತೆಯವರೆಗೆ ಪುಣೆಯ ಯಾವ ಹಳೇ ಹೌಸಿಂಗ್ ಸೊಸೈಟಿಗೆ ಹೋದರೂ ಇಂಥ ಒಬ್ಬ ಕಾಕಾ ಇದ್ದೇ ಇರುತ್ತಾರೆ. ಮೂಲ ಬೆಳಗಾವಿ ಕಡೆ, ಇಲ್ಲವೇ ಧಾರವಾಡ. ಡಿಪ್ಲೊಮಾ ಮುಗಿಸಿ ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್ ರೂಮ್ ಸೇರಿ, ಅಲ್ಲೇ ತಲೆ ನೆರೆಸಿಕೊಂಡು ನಿವೃತ್ತರಾದವರು. ಮನೆಯಲ್ಲಿ ಕನ್ನಡ, ತರಕಾರಿಯವನ ಜತೆ ಮರಾಠಿ, ಮೊಮ್ಮಗನ ಜತೆ ಫೋನಿನಲ್ಲಿ ಇಂಗ್ಲಿಷ್. ಕೈಗೆ ಸ್ಕ್ರೂಡ್ರೈವರ್ ಬಂತೆಂದರೆ ಮೂರೂ ಬೆರೆತ ಬೈಗುಳ. ಎದೆ ಕಿಸೆಯಲ್ಲಿ ಪೆನ್ನಿನ ಪಕ್ಕ ಟೆಸ್ಟರ್. ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬಿಗಳ ಸಾಲು, ಒಂದರಲ್ಲೂ ಬಿಸ್ಕತ್ತಿಲ್ಲ.

ಕಾಕಾನ ಮನೆದೇವರು ಯಲ್ಲಮ್ಮನಾದರೂ ಕುಲಗುರು ಮಾತ್ರ ಲಕ್ಷ್ಮಣರಾವ್ ಕಿರ್ಲೋಸ್ಕರ್. "ನಮ್ಮ ಗುರ್ಲಹೊಸೂರಾಗ ಹುಟ್ಟಿದಾಂವ ಅಂವ, ಬೆಳಗಾವ್ಯಾಗ ಸೈಕಲ್ ಅಂಗಡಿ ಇಟ್ಟಿದ್ದ. ಕಬ್ಬಿಣದ ನೇಗಿಲಾ ಮಾಡಿದ್ರ, ಭೂಮಿಗೆ ವಿಷ ಏರ್ತೈತಿ ಅಂತ ರೈತರು ಮುಟ್ಟಲಿಲ್ಲ. ಬಿಟ್ಟನೇನು?" 1910ರಲ್ಲಿ ಕಿರ್ಲೋಸ್ಕರವಾಡಿಯ ಬಯಲಿನಲ್ಲಿ ಕಾರ್ಖಾನೆ ಎದ್ದ ಕಥೆಯನ್ನು ಕಾಕಾ ಹೇಳುವುದು ಸಾಮಾನ್ಯವಾಗಿ ಅವರ ಹೆಂಡತಿ ಕಾಕು "ಆ ಹಾಳು ಮಿಕ್ಸರ್ ಒಗೀರಿ" ಎಂದ ಕೂಡಲೇ.

ಎರಡನೆಯ ದೇವರು ಸ್ಟ್ಯಾಂಡರ್ಡ್. 1841ರಲ್ಲಿ ವಿಟ್‌ವರ್ಥ್ ಎಂಬ ಇಂಗ್ಲಿಷಿನವನು ಸ್ಕ್ರೂವಿನ ಮರೆಗಳಿಗೆಲ್ಲ ಐವತ್ತೈದು ಡಿಗ್ರಿ ಎಂದು ಗೊತ್ತು ಮಾಡಿ ಲೋಕೋದ್ಧಾರ ಮಾಡಿದ ಎಂಬುದು ಅವರ ಮತ. ಎಂ-6 ಬೋಲ್ಟು ಜರ್ಮನಿಯಲ್ಲೂ ಎಂ-6, ಭೋಸರಿಯಲ್ಲೂ ಎಂ-6. ಕಂಪ್ಯೂಟರ್ ಬಿಚ್ಚಿದ ಮೊದಲ ದಿನವೇ ಅವರಿಗೆ ಆಘಾತವಾಗಿತ್ತು: ಹಾರ್ಡ್ ಡಿಸ್ಕಿಗೆ ಇಂಚಿನ ಲೆಕ್ಕದ ಸ್ಕ್ರೂ, ಅದರ ಮೇಲೆ ಕೂತ ಸಿಡಿ ಡ್ರೈವಿಗೆ ಮೆಟ್ರಿಕ್ ಸ್ಕ್ರೂ. "ಒಂದ ಮನ್ಯಾಗ ಎರಡು ಜಾತಿ!" ಆದರೂ 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ಹೊರಡಿಸಿದ್ದನ್ನು ತಿಳಿದು ಸಮಾಧಾನಪಟ್ಟುಕೊಂಡಿದ್ದರು. ಯಾರ ಬೋರ್ಡಾದರೂ ಯಾರ ಡಬ್ಬಿಯಲ್ಲಾದರೂ ಕೂರಬೇಕು, ಅಷ್ಟೇ ತಾನೆ ನಾಗರಿಕತೆ.

ಹೀಗಿರಲಾಗಿ ಕಾಕಾ ಜುನಾ ಬಜಾರಿಗೆ ಹೋದರು. ಭಾನುವಾರಕ್ಕೊಮ್ಮೆ, ಬುಧವಾರಕ್ಕೊಮ್ಮೆ ಕೂಡುವ ಬಜಾರು ಅದು. ಬುಧವಾರದ ಬಜಾರು ಮಂಗಳವಾರ ಪೇಠೆಯಲ್ಲಿ ಕೂಡುವುದರ ಬಗ್ಗೆ ಪುಣೆಯವರಿಗೆ ಯಾವ ಗೊಂದಲವೂ ಇಲ್ಲ. ತುಕ್ಕು ಹಿಡಿದ ಪಾನಾ, ಹಿತ್ತಾಳೆ ಬೀಗ, ಒಂಟಿ ಬೂಟುಗಳ ನಡುವೆ ಒಂದು ಹೆಸರಾಂತ ಕಂಪನಿಯ ಕ್ಯಾಬಿನೆಟ್ ಕೂತಿತ್ತು. ಒಳಗೆ ಏನೂ ಇಲ್ಲ. ಕಾಕಾ ತಗಡನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. "ದನಿ ಕೇಳಿದೇನು? ಈಗಿನ ಕ್ಯಾಬಿನೆಟ್ ಹಪ್ಪಳದಂಗ ಅದಾವು." ಮಗ ಹಿಂಜವಡಿಯಿಂದ ತಂದುಕೊಟ್ಟಿದ್ದ ಮದರ್‌ಬೋರ್ಡ್ ಮನೆಯಲ್ಲಿ ಖಾಲಿ ಕೂತಿತ್ತು. ಚೌಕಾಶಿ ಮುಗಿದು ಕ್ಯಾಬಿನೆಟ್ ಚೇತಕ್ ಸ್ಕೂಟರಿನ ಮುಂದೆ ಕಾಕಾನ ಎರಡು ಕಾಲಿನ ನಡುವೆ ನಿಂತು ಮನೆಗೆ ಬಂತು.

ಬೋರ್ಡ್ ಕೂತಿತು. ಅದಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್ ಕೂತಿತು. ಪವರ್ ಗುಂಡಿಯ ವಯರು ಮಾತ್ರ ಕೂರಲಿಲ್ಲ.

ಸಾಧಾರಣ ಮದರ್‌ಬೋರ್ಡಿನ ಮೂಲೆಯಲ್ಲಿ ಒಂಬತ್ತು ಕಡ್ಡಿಗಳಿರುತ್ತವೆ. ಹತ್ತನೆಯದರ ಜಾಗ ಖಾಲಿ, ತಲೆಕೆಳಗೆ ಸಿಕ್ಕಿಸಬಾರದೆಂದು. ಅದರಲ್ಲಿ ಆರು ಮತ್ತು ಎಂಟನೆಯದನ್ನು ಒಂದು ಕ್ಷಣ ತಾಗಿಸಿದರೆ ಕಂಪ್ಯೂಟರ್ ಎದ್ದು ಕೂರುತ್ತದೆ. ಗುಂಡಿಯ ಕೆಲಸ ಇಷ್ಟೇ. ಇಷ್ಟು ಸಣ್ಣ ಕೆಲಸಕ್ಕೂ ಆ ಕಂಪನಿ ತನ್ನದೇ ಒಂದು ಕನೆಕ್ಟರ್ ಮಾಡಿತ್ತು. ಕಡ್ಡಿಗಳ ಅಂತರ 2.54 ಮಿಲಿಮೀಟರ್ ಇರಬೇಕಾದ ಕಡೆ 2. ಗುಂಡಿ, ದೀಪ ಎಲ್ಲಕ್ಕೂ ಸೇರಿ ಒಂದೇ ಪಟ್ಟಿ ವಯರು, ಯಾವುದು ಯಾವುದೆಂದು ಬರೆದಿಲ್ಲ. ಕಾಕಾ ಕನ್ನಡಕವನ್ನು ಹಣೆಗೇರಿಸಿ ಅದನ್ನು ನೋಡಿದ ನೋಟ, ಸೊಸೈಟಿಯ ಪಾರ್ಕಿಂಗಿನಲ್ಲಿ ತಮ್ಮ ಜಾಗಕ್ಕೆ ಪರರು ಕಾರು ನಿಲ್ಲಿಸಿದಾಗ ಮಾತ್ರ ಕಾಣುವಂಥದ್ದು.

ನನ್ನನ್ನು ಕರೆಸಿದರು. ಇಂಥ ಕಾಕಾಗಳಿಗೆ ಸಹಾಯಕನಲ್ಲ, ಟಾರ್ಚ್ ಹಿಡಿಯುವವನು ಬೇಕು. ಬೆಳಕು ಎಲ್ಲಿ ಬೀಳಬೇಕೆಂದು ಹೇಳುವುದಿಲ್ಲ, ಬೀಳದಿದ್ದಾಗ ಬೈಯುತ್ತಾರೆ. ಮಲ್ಟಿಮೀಟರ್ ಪೀಂ ಎನ್ನುವ ಕಡೆ ತಿರುಗಿಸಿಟ್ಟು, ಗುಂಡಿ ಒತ್ತಿ ಹಿಡಿಯಲು ನನ್ನ ಇನ್ನೊಂದು ಕೈಯನ್ನೂ ವಶಪಡಿಸಿಕೊಂಡು, ತೂತಿಗೆ ತೂತು ಜೋಡಿಸುತ್ತ ಹೋದರು. ಒಂದು ಜೋಡಿಗೆ ಪೀಂ ಅಂದಿತು. ಬಿಟ್ಟರೆ ನಿಂತಿತು. "ಸಿಕ್ಕ ಮಗನ!" ಎಂದರು. ಅಷ್ಟರಲ್ಲಿ ಒಂದು ಗಂಟೆ ಹೊಡೆಯಿತು. ಪುಣೆಯಲ್ಲಿ ಒಂದರಿಂದ ನಾಲ್ಕರವರೆಗೆ ಏನು ಸಿಕ್ಕರೂ ಸಿಕ್ಕಲ್ಲೇ ಬಿಟ್ಟು ಮಲಗಬೇಕು. ಮಲಗಿದರು.

ನಾಲ್ಕಕ್ಕೆ ಎದ್ದವರು ಎರಡು ವಯರು ಕತ್ತರಿಸಿ ಬೆಸುಗೆ ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಕಾಕಾ ಒರಿಜಿನಲ್ ವಯರಿಗೆ ಕತ್ತರಿ ಹಾಕುವವರಲ್ಲ, ಯಾವತ್ತೋ ಬೇಕಾಗುತ್ತದೆ. ಬಿಸ್ಕತ್ತಿನ ಡಬ್ಬಿಯಿಂದ ಟೇಬಲ್ ಲ್ಯಾಂಪಿನ ಹಳೇ ಸ್ವಿಚ್ ತೆಗೆದು ಆರು-ಎಂಟಕ್ಕೆ ಜೋಡಿಸಿದರು. ಹಾಕಿದ ಕೂಡಲೇ ಫ್ಯಾನು ತಿರುಗಿತು, ಕಾಕಾ ನನ್ನ ಬೆನ್ನು ತಟ್ಟಿದರು, ತಟ್ಟಿದ ಕೈ ಕೆಳಗಿಳಿಯುವುದರೊಳಗೆ ಫ್ಯಾನು ನಿಂತಿತು. ಮತ್ತೆ ಹಾಕಿದರು, ಮತ್ತೆ ನಿಂತಿತು. ಎಸ್‌ಎಂಪಿಎಸ್ಸನ್ನು ಬೈದರು, ವಿದ್ಯುತ್ ಮಂಡಳಿಯನ್ನು ಬೈದರು, ಮಗನನ್ನೂ ಬಿಡಲಿಲ್ಲ. ಲ್ಯಾಂಪಿನ ಸ್ವಿಚ್ ಹಾಕಿದರೆ ಹಾಕಿದಂತೆಯೇ ಇರುತ್ತದೆ. ಗುಂಡಿಯನ್ನು ನಾಲ್ಕು ಸೆಕೆಂಡ್ ಬಿಡದೆ ಒತ್ತಿದರೆ ಆರಿಹೋಗುವುದು ಎಟಿಎಕ್ಸ್ ಕಂಪ್ಯೂಟರಿನ ಧರ್ಮ. ಅಂದರೆ ಅದು ಸ್ಟ್ಯಾಂಡರ್ಡಿನಂತೆಯೇ ನಡೆದುಕೊಂಡಿತ್ತು. ಇದು ಹೊಳೆದಾಗ ಕಾಕಾಗೆ ಸಿಟ್ಟೆಲ್ಲ ಇಳಿದು ಮದರ್‌ಬೋರ್ಡಿನ ಮೇಲೆ ಗೌರವವೇ ಬಂತು.

"ಒತ್ತಿ ಬಿಟ್ಟ ಕೂಡ್ಲೇ ಹಿಂದ ಬರೋ ಗುಂಡಿ ಬೇಕು." ತಪಕೀರ್ ಗಲ್ಲಿಗೆ ಹೋದರೆ ಅಂಥ ಗುಂಡಿ ಚೀಲಗಟ್ಟಲೆ ಸಿಗುತ್ತವೆ. ಆದರೆ ಇರುವ ವಸ್ತುವನ್ನು ದುಡ್ಡು ಕೊಟ್ಟು ತರುವುದು ಅವರ ದೃಷ್ಟಿಯಲ್ಲಿ ಸೋಲು. ಮನೆಯೆಲ್ಲ ಸುತ್ತಿ ಬಂದ ಕಣ್ಣು ಬಾಗಿಲ ಬಳಿ ನಿಂತಿತು. ಕಾಲಿಂಗ್ ಬೆಲ್ಲಿನ ಗುಂಡಿ.

ಈಗ ಆ ಭವ್ಯ ಕ್ಯಾಬಿನೆಟ್ಟಿನ ಹಣೆಯ ಮೇಲೆ ಗಂಟೆಯ ಚಿತ್ರವಿರುವ ಬಿಳಿ ಬೆಲ್ ಗುಂಡಿ ಅಂಟಿಕೊಂಡಿದೆ. ಪಕ್ಕದಲ್ಲಿ, ಪುಣೇರಿ ಪಾಟಿ ಎಂಬ ಚುಚ್ಚುಮಾತಿನ ಫಲಕಗಳ ಖಡಕ್ ಪರಂಪರೆಗೆ ಕುಂದು ಬಾರದಂತೆ, ಕನ್ನಡ ಮರಾಠಿ ಎರಡರಲ್ಲೂ ಬರೆದ ಚೀಟಿ: ಒಮ್ಮೆ ಒತ್ತಿ ಬಿಡಿರಿ. ನಾಲ್ಕು ಸೆಕೆಂಡ್ ಒತ್ತುವವರು ತಮ್ಮ ಮನೆಯ ಕಂಪ್ಯೂಟರ್ ಬಳಸಬೇಕು.

ಇದು ಆ ಮನೆಯ ಮೊದಲ ಚೀಟಿಯಲ್ಲ. ಗೀಸರ್ ಹತ್ತಬೇಕಾದರೆ ಮೊದಲು ಪಡಸಾಲೆಯ ಮೂರನೆಯ ಸ್ವಿಚ್ ಹಾಕಬೇಕು. ಮಿಕ್ಸರ್ ನಡೆಯುವುದು ಫ್ಯಾನಿನ ರೆಗ್ಯುಲೇಟರಿನ ಮೇಲೆ. ಟಿವಿಯ ರಿಮೋಟು ಕಳೆದಾಗಿನಿಂದ ಚಾನೆಲ್ ಬದಲಿಸಲು ಒಂದು ಹೆಣಿಗೆ ಕಡ್ಡಿ. ಕಾಕಾ ಊರಿಗೆ ಹೋದ ವಾರ ಕಾಕು ತಣ್ಣೀರಿನಲ್ಲೇ ಸ್ನಾನ ಮಾಡುತ್ತಾರೆ. ಚಹಾ ಕೊಡುತ್ತ ನನಗೆ ಹೇಳಿದರು: "ಆ ಕಂಪನಿಯವರು ಪಾಪ, ಒಂದ ಗುಂಡಿ ಅಷ್ಟ ತಮ್ಮ ಲೆಕ್ಕದ್ದು ಮಾಡ್ಯಾರ. ನಿಮ್ಮ ಕಾಕಾ ಇಡೀ ಮನಿ ಮಾಡಿ ಇಟ್ಟಾರ."

ಕಾಕಾ ಕೇಳಿಸಿಕೊಳ್ಳಲಿಲ್ಲ. ಬಾಗಿಲ ಬಳಿ ಸ್ಟೂಲ್ ಹತ್ತಿದ್ದರು. ಬೆಲ್ಲಿಗೆ ಗುಂಡಿಯಿಲ್ಲದಂತಾಗಿತ್ತಲ್ಲ, ಕಂಪನಿಯ ಒರಿಜಿನಲ್ ಗುಂಡಿ ಉಳಿದಿತ್ತು. ಅದು 230 ವೋಲ್ಟ್ ತಾಳುವಂಥದ್ದಲ್ಲ, ಹಾಗಾಗಿ ನಡುವೆ ಒಂದು 5 ವೋಲ್ಟ್ ರಿಲೇ, ರಿಲೇಗೆ ಒಂದು ಹಳೇ ಮೊಬೈಲ್ ಚಾರ್ಜರು, ಕನೆಕ್ಟರಿನ ಎರಡು ತೂತಿಗೆ ಎರಡು ಗುಂಡುಸೂಜಿ. ಸಂಜೆಯೊಳಗೆ ಚೌಕಟ್ಟಿನ ಮೇಲೆ, ತೋರಣದ ಪಕ್ಕ, ಅಕ್ಕಿಕಾಳಿನಷ್ಟು ಕರಿಯ ಗುಂಡಿ ಕೂತಿತು. ಕೊರಿಯರ್ ಹುಡುಗ ಬಂದು ಗೋಡೆ ತಡವಿ, ತೋರಣ ಎತ್ತಿ ನೋಡಿ, ಕೊನೆಗೆ ಬಾಗಿಲು ಗುದ್ದಿದ. ಕಾಕಾ ತೆರೆದು ಅವನಿಗೆ ಗುಂಡಿ ತೋರಿಸಿ, ಒತ್ತಿಸಿ, ಬೆಲ್ ಬಾರಿಸಿದ ಮೇಲೆಯೇ ಸಹಿ ಹಾಕಿದರು.